ಕಳೆದ ಆಕಾಶ

ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಚೆನ್ನವೀರಯ್ಯ ಎಂಬ ಮೇಷ್ಟ್ರಿದ್ದರು. ಅವರ ಬಳಿ ಕಲಿಯಲು ಯಶೋಮತಿ ಬಂದು ಮೂರು ವರ್ಷವಾಗಿತ್ತು.

ಒಂದು ಮಧ್ಯಾಹ್ನ ಅವಳು ಹತ್ತು ಚಿತ್ರಗಳನ್ನೂ ಒಂದು ಪತ್ರವನ್ನೂ ಗುಂಡುಸೂಜಿಯಲ್ಲಿ ಸೇರಿಸಿ ತಂದು ಅವರ ಮೇಜಿನ ಮೇಲಿಟ್ಟಳು.

"ಬಿಟ್ಟು ಹೋಗ್ತೀನಿ ಮೇಷ್ಟ್ರೇ. ಸುಸ್ತಾಗಿದೆ."

"ಏನಾಯ್ತಮ್ಮ?"

"ಏನೂ ಆಗ್ಲಿಲ್ಲ, ಅದೇ ತೊಂದರೆ. ಎಳೆಯ ನಕ್ಷತ್ರಗಳ ಗುಂಪಲ್ಲಿ ಕಂದು ಕುಬ್ಜಗಳನ್ನ ಹುಡುಕು ಅಂದ್ರಿ. ನಕ್ಷತ್ರ ಆಗೋಕೆ ಹೊರಟು ಆಗದೆ ಉಳಿದವು. ಬೆಳಕಿಲ್ಲ, ಬರೀ ಕಾವು. ಕಾವನ್ನೇ ಹಿಡಿಯೋ ಅವಕೆಂಪು ಕ್ಯಾಮೆರಾಕ್ಕೂ ಒಂದೂ ಸಿಗಲಿಲ್ಲ. ನಾನೂ ಹಾಗೇ ಆಗಿದ್ದೀನಿ."

ಬಿಟ್ಟು ಹೋಗುವ ಶಿಷ್ಯರ ಇಂಥ ಪತ್ರಗಳನ್ನು ಓದಿ ಓದಿ ಮೇಷ್ಟ್ರಿಗೂ ಸಾಕಾಗಿತ್ತು. ಅವರು ಅದನ್ನು ಬಿಡಿಸಲಿಲ್ಲ.

"ಹೇಗೆ ಹುಡುಕಿದೆ?"

"ನೀವು ಹೇಳಿಕೊಟ್ಟ ಹಾಗೇ. ಅವಕೆಂಪಲ್ಲಿ ಆಕಾಶವೇ ಹೊಳೆಯುತ್ತೆ. ಅದಕ್ಕೆ ಪಕ್ಕದ ಖಾಲಿ ಜಾಗದ ಚಿತ್ರ ತೆಗೆದು, ಗುಂಪಿನ ಚಿತ್ರದಿಂದ ಕಳೆದೆ. ಪ್ರತಿ ಸಲವೂ ಅದೇ ಜಾಗ."

"ಖಾಲಿ ಅಂತ ಯಾರು ಹೇಳಿದ್ರು?"

"ಮಾಮೂಲಿ ಬೆಳಕಿನ ಚಿತ್ರಗಳಲ್ಲಿ ಅಲ್ಲಿ ಏನೂ ಕಾಣ್ತಿರಲಿಲ್ಲವಲ್ಲ."

ಮೇಷ್ಟ್ರು ಮೇಲಿನ ಹಾಳೆಯ ಮೇಲೆ ಬೆರಳಿಟ್ಟರು. "ಈ ಕಪ್ಪು ಚುಕ್ಕೆ?"

"ಕ್ಯಾಮೆರಾದ ಕಲೆ. ಇಂಥವು ಏಳೆಂಟಿವೆ. ತಲೆ ಕೆಡಿಸಿಕೊಳ್ಳಲಿಲ್ಲ."

"ಪ್ರತಿ ಸಲ ಕ್ಯಾಮೆರಾ ಬಿಚ್ಚಿ ತಿರುಗಿಸಿ ಕೂರಿಸಿದ್ವಿ. ಚಿತ್ರಗಳನ್ನ ನೀನು ಆಕಾಶದ ಉತ್ತರ ಮೇಲೆ ಬರೋ ಹಾಗೆ ಜೋಡಿಸಿದ್ದೀಯ; ಕ್ಯಾಮೆರಾದ ಕಲೆಯಾಗಿದ್ರೆ ಅದು ಚಿತ್ರದಿಂದ ಚಿತ್ರಕ್ಕೆ ಜಾಗ ಬದಲಿಸಬೇಕಿತ್ತಲ್ಲ?"

ಅವಳು ಹಾಳೆಯ ಮೇಲೆ ಬಗ್ಗಿದಳು.

ಮೇಷ್ಟ್ರು ಗುಂಡುಸೂಜಿ ಕಿತ್ತು ಪತ್ರವನ್ನು ಪಕ್ಕಕ್ಕಿಟ್ಟರು. ಹತ್ತೂ ಹಾಳೆಗಳ ಅಂಚು ಸರಿಯಾಗಿ ಕೂಡಿಸಿ, ಕಪ್ಪು ಚುಕ್ಕೆಯ ಮೇಲೆ ಸೂಜಿ ಒತ್ತಿದರು.

ಯಶೋಮತಿ ಒಂದೊಂದೇ ಹಾಳೆ ಎತ್ತಿ ನೋಡಿದಳು. ಹತ್ತರಲ್ಲೂ ತೂತು ಕಪ್ಪು ಚುಕ್ಕೆಯ ಮೇಲೇ ಬಿದ್ದಿತ್ತು.

ಅವಳು ಕುರ್ಚಿಯಲ್ಲಿ ಕುಸಿದು ಕೂತಳು. ನಾಚಿಕೆಯಾಯಿತು, ಅಳುವೂ ಬಂತು.

"ಖಾಲಿ ಅಂದುಕೊಂಡ ಕಡೆಯೇ ಏನೋ ಹೊಳೀತಿತ್ತು. ಅದನ್ನ ನಾನೇ ಕಳೆದು ಕಪ್ಪು ಮಾಡಿದೆ. ಕುಬ್ಜಗಳೇ ಇರಬಹುದಾ ಮೇಷ್ಟ್ರೇ?"

"ಇರಬಹುದು. ದೂರದರ್ಶಕಾನ ಆ ಕಡೆ ತಿರುಗಿಸಿ ನೋಡಬೇಕು."

"ಇನ್ನು ಯಾವಾಗ ನೋಡೋದು? ಮೂರು ವರ್ಷ ಕಳೆದೆ."

ಮೇಷ್ಟ್ರು ಪತ್ರವನ್ನು ತೆರೆಯದೆ ಅವಳ ಕೈಗೇ ಕೊಟ್ಟರು.

"ಆ ಮೂರು ವರ್ಷಾನೂ ಖಾಲಿ ಅಂತಲೇ ಕಳೆದ್ಯಾ, ತಾಯಿ?"