ಕರಿಮೂತಿ ಕಚ್ಚಿದ ಜಗತ್ತು

ಮೊದಲೇ ಹೇಳಿಬಿಡುತ್ತೇನೆ, ಈ ಕತೆಯನ್ನು ನಾನು ಚೆನ್ನಾಗಿ ಹೇಳಲಾರೆ. ದಯವಿಟ್ಟು ಕ್ಷಮಿಸಿ. ಬಾಯಲ್ಲಿ ಹೇಳುವಾಗ ಕೈ ಆಡಿಸುತ್ತೇನೆ, ಕಣ್ಣು ಅಗಲ ಮಾಡುತ್ತೇನೆ, ನಾಯಿಮರಿ ಬಾಲ ಅಲ್ಲಾಡಿಸುವ ಕಡೆ ಎದ್ದು ನಿಂತು ಸೊಂಟವನ್ನೇ ಅಲ್ಲಾಡಿಸುತ್ತೇನೆ. ಕಾಗದದ ಮೇಲೆ ಅದನ್ನೆಲ್ಲ ಹೇಗೆ ಮಾಡುವುದೋ ನನಗೆ ತಿಳಿಯದು. ಇದು ನಾನು ಬರೆಯುತ್ತಿರುವ ಮೊದಲ ಕತೆ. ಎಲ್ಲಾದರೂ ಅರ್ಥವಾಗದೆ ಹೋದೀತೆಂದು ಎಲ್ಲವನ್ನೂ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಬರೆ ಎಂದವಳು ನನ್ನ ಮೊಮ್ಮಗಳು ಇಂಚರ. ಅವಳ ನಾಯಿಮರಿಯ ಹೆಸರು ಜೀರಿಗೆ. ಜೀರಿಗೆಯ ಬಣ್ಣ ಇರುವುದರಿಂದ ಆ ಹೆಸರು. ಈ ವಾರ ಅದು ಕಾಲೊರಸು, ಪೊರಕೆ, ಕುರ್ಚಿಯ ಒಂದು ಕಾಲು, ಇಂಚರಳ ಅಮ್ಮನ ಹೊಸ ಚಪ್ಪಲಿ, ಎಲ್ಲವನ್ನೂ ಕಚ್ಚಿ ಹಾಕಿದೆ.

"ಇನ್ನೊಂದು ಸಾಮಾನು ಹಾಳಾಗ್ಲಿ, ಇದನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ" ಎಂದಿದ್ದಾಳೆ ನನ್ನ ಸೊಸೆ.

ಇಂಚರ ಮೂಗು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು, "ಅಜ್ಜಾ, ನಾಯಿಮರಿ ಯಾಕೆ ಎಲ್ಲಾನೂ ಕಚ್ಚುತ್ತೆ?" ಎಂದು ಕೇಳಿದಳು. ನಾನು ಈ ಕತೆ ಹೇಳಿದೆ. "ಇದನ್ನ ಬರೆದು ಅಮ್ಮನಿಗೆ ಕೊಡು" ಎಂದಳು. ಆದ್ದರಿಂದ ಬರೆಯುತ್ತಿದ್ದೇನೆ.

ಜಗತ್ತು ಆಗಷ್ಟೇ ಹುಟ್ಟಿತ್ತು. ಆಗಷ್ಟೇ ಎಂದರೆ, ಇನ್ನೂ ಒಣಗಿರಲಿಲ್ಲ. ಕುಂಬಾರ ತಿಗರಿಯಿಂದ ಇಳಿಸಿದ ಮಡಕೆ ಹೇಗಿರುತ್ತದೆ? ತಣ್ಣಗೆ, ನುಣ್ಣಗೆ, ಮೆತ್ತಗೆ. ಬೆರಳಿಟ್ಟರೆ ಗುರುತು ಬೀಳುತ್ತದೆ, ಹಾಗೇ ಉಳಿಯುತ್ತದೆ. ಜಗತ್ತೂ ಹಾಗೇ ಇತ್ತು.

ಬೇವಿನ ಎಲೆಯ ಅಂಚು ನುಣ್ಣಗಿತ್ತು. ಹುಂಜದ ಜುಟ್ಟು ನುಣ್ಣಗಿತ್ತು. ಹೊಳೆಯ ದಡ ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಗಾಳಿಯ ಸೆರಗಿನಲ್ಲಿ ಒಂದು ತೂತೂ ಇರಲಿಲ್ಲ, ಅದಕ್ಕೇ ಗಾಳಿ ಎಷ್ಟು ಬೀಸಿದರೂ ಸದ್ದೇ ಆಗುತ್ತಿರಲಿಲ್ಲ.

ಹೊಳೆಯ ದಡದಲ್ಲಿ ಸಣ್ಣೀರಜ್ಜಿ ಎಂಬ ಮುದುಕಿ ಇದ್ದಳು. ಮನೆ ತುಂಬ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಎತ್ತಿ ಆಡಿಸಿದ ಕೈ ಅವಳದು. ಜಗತ್ತೇ ಹೊಸದಾಗಿದ್ದಾಗ ಮುದುಕಿ ಎಲ್ಲಿಂದ ಬಂದಳು ಎಂದು ಇಂಚರ ಕೇಳಿದಳು. ನನಗೆ ಗೊತ್ತಿಲ್ಲ. ಅಜ್ಜಿ ಇಲ್ಲದೆ ಯಾವ ಜಗತ್ತೂ ಶುರುವಾಗುವುದಿಲ್ಲ ಎಂದು ನನ್ನ ಅಂದಾಜು.

ಒಂದು ಬೆಳಗ್ಗೆ ಸಣ್ಣೀರಜ್ಜಿಯ ಹೊಸ್ತಿಲ ಹತ್ತಿರ ಒಂದು ನಾಯಿಮರಿ ಬಂದು ಕೂತಿತು. ಆಗ ಉಳಿದ ಪ್ರಾಣಿಗಳೆಲ್ಲ ಮನುಷ್ಯರ ಮನೆ ಕಂಡರೆ ದೂರದಿಂದಲೇ ದಾರಿ ಬದಲಿಸುತ್ತಿದ್ದವು. ಇದೊಂದು ಮಾತ್ರ ತಾನಾಗಿ ಬಂದು, ತಲೆ ಓರೆ ಮಾಡಿ, "ಒಳಗೆ ಬರ್ಲಾ ಅಜ್ಜಿ?" ಎಂದು ಕೇಳಿತು. ಮೈಯೆಲ್ಲ ಕಂದು. ಮೂತಿ ಮಾತ್ರ, ಮಸಿ ಹಿಡಿದ ಮಡಕೆಯೊಳಗೆ ಇಣುಕಿ ಬಂದ ಹಾಗೆ, ಕಪ್ಪು.

"ಬಾರೋ ಕರಿಮೂತಿ" ಎಂದಳು ಅಜ್ಜಿ. ಅದೇ ಅದರ ಹೆಸರಾಯಿತು.

ಕರಿಮೂತಿಗೆ ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಓಡುತ್ತಿತ್ತು, ಉರುಳುತ್ತಿತ್ತು, ತನ್ನ ಬಾಲವನ್ನೇ ಕಳ್ಳನೆಂದುಕೊಂಡು ಹಿಡಿಯಲು ಹೋಗುತ್ತಿತ್ತು. ಅದೆಲ್ಲ ಚೆನ್ನಾಗಿಯೇ ಇತ್ತು. ಆದರೆ ಅದರ ಬಾಯಿ!

ಬೇವಿನ ಮರದ ಕೆಳಗೆ ಹೋಯಿತು. ಕೊಂಬೆ ತಗ್ಗಿಗೆ ಬಂದಿತ್ತು. ಆ ಕಾಲದಲ್ಲಿ ಬೇವು ಸಿಹಿಯಾಗಿತ್ತು ಬೇರೆ. ಕಚ ಕಚ, ಕಚ ಕಚ. ಎಲೆಗಳ ಅಂಚಿನ ತುಂಬ ಹಲ್ಲಿನ ಗುರುತು.

"ಅಯ್ಯೋ, ಏನೋ ಇದು!" ಎಂದಳು ಬೇವಮ್ಮ.

"ನಾನು ಕಚ್ಚಲಿಲ್ಲ ಬೇವಮ್ಮ, ನನ್ನ ಬಾಯಿ ಕಚ್ಚಿತು" ಎಂದಿತು ಕರಿಮೂತಿ.

ಹುಂಜ ಗೋಡೆಯ ಬುಡದಲ್ಲಿ ತೂಕಡಿಸುತ್ತಿತ್ತು. ಕೆಂಪಗೆ ಮೆತ್ತಗೆ ಜುಟ್ಟು ಜೋಲುತ್ತಿತ್ತು. ಕಚ ಕಚ, ಕಚ ಕಚ.

"ನನ್ನ ಜುಟ್ಟು!" ಹುಂಜ ಹಾರಿಬಿತ್ತು. "ಇನ್ನು ಯಾವ ಮುಖ ಇಟ್ಕೊಂಡು ಕೂಗ್ಲಿ ನಾನು?"

"ನಾನು ಕಚ್ಚಲಿಲ್ಲ ಹುಂಜಣ್ಣ, ನನ್ನ ಬಾಯಿ ಕಚ್ಚಿತು."

"ನಿನ್ನ ಬಾಯಿ ಏನು ಪಕ್ಕದ ಮನೇದಾ?"

ಕರಿಮೂತಿ ಹೊಳೆಗೆ ನೀರು ಕುಡಿಯಲು ಹೋಗಿ ದಡವನ್ನೂ ಕಚ್ಚಿತು. ಇಲ್ಲಿ ಒಂದಿಷ್ಟು, ಅಲ್ಲಿ ಒಂದಿಷ್ಟು. "ನೆಟ್ಟಗೆ ನಡೀತಿದ್ದೋಳು ನಾನು" ಎಂದು ಗೊಣಗಿದಳು ಹೊಳೆಯಕ್ಕ. "ಇನ್ನು ಆ ಕಡೆ ವಾಲಿ ಈ ಕಡೆ ವಾಲಿ ಹೋಗ್ಬೇಕು. ನೋಡಿದೋರು ಏನಂದ್ಕೋತಾರೆ?"

ಕೊನೆಗೆ ಗಾಳಿಯ ಸೆರಗನ್ನೂ ಹಿಡಿದು ಎಳೆಯಿತು. ಚರ್ರ್ ಎಂದು ಹರಿಯಿತು. ಗಾಳಿ ಮಾತ್ರ ಸಿಟ್ಟಾಗಲಿಲ್ಲ. ಹರಿದ ಜಾಗದಿಂದ ಸುಯ್ ಎಂದು ಸದ್ದು ಬಂತು ನೋಡಿ. "ಕೇಳಿದ್ಯಾ! ನಂಗೆ ಹಾಡು ಬಂತು ಕಣೋ!" ಎಂದು ಊರೆಲ್ಲ ಸುಯ್ಯೆನ್ನುತ್ತಾ ಸುತ್ತಿತು.

ಕರಿಮೂತಿಯನ್ನು ಸರಿಮಾಡಲು ಎಲ್ಲರೂ ನೋಡಿದರು. ಆದರೆ ತಪ್ಪಾಗಿ ನೋಡಿದರು.

ಸಣ್ಣೀರಜ್ಜಿ ಸಂಜೆ ಹೊಲದಿಂದ ಬಂದಳು. ಚಾಪೆಯ ಮೂಲೆ ಚಿಂದಿಯಾಗಿತ್ತು. "ಯಾರೋ ಇದನ್ನ ಮಾಡಿದ್ದು?" ಎಂದು ಗದರಿದಳು. ಕರಿಮೂತಿ ಚಾಪೆ ಕಚ್ಚಿದ್ದು ಬೆಳಗ್ಗೆ. ಅದಕ್ಕೆ ಅದು ಮರೆತೇ ಹೋಗಿತ್ತು. ಈಗ ಅದು ಅಜ್ಜಿ ಬಂದಳೆಂದು ಬಾಲ ಅಲ್ಲಾಡಿಸುತ್ತಿತ್ತು. 'ಓಹೋ, ಬಾಲ ಅಲ್ಲಾಡಿಸಿದ್ರೆ ಅಜ್ಜಿಗೆ ಸಿಟ್ಟು ಬರುತ್ತೆ' ಎಂದುಕೊಂಡು ಮೂಲೆ ಸೇರಿತು. ಪಾಪ.

ಹುಂಜ ರೆಕ್ಕೆ ಬಡಿದುಕೊಂಡು ಅಟ್ಟಿಸಿಕೊಂಡು ಹೋಯಿತು. ಕರಿಮೂತಿಗೆ ಅದು ಹಬ್ಬ! 'ಏನಾದ್ರೂ ಕಚ್ಕೊಂಡ್ರೆ ಹುಂಜಣ್ಣ ಆಟಕ್ಕೆ ಬರ್ತಾನೆ' ಎಂದು ಕಲಿತು, ಇನ್ನಷ್ಟು ಕಚ್ಚಿಕೊಂಡು ಓಡಿತು. ಹಗ್ಗದಿಂದ ಕಟ್ಟಿ ನೋಡಿದರು. ಹಗ್ಗ ಬಹಳ ರುಚಿಯಾಗಿತ್ತು.

ಆಗ ಸೂರ್ಯ ಮೇಲಿನಿಂದ ಹೇಳಿದ, "ನಾಳೆಯಿಂದ ನಾನು ಜಗತ್ತನ್ನ ಒಣಗಿಸ್ತೀನಿ. ಒಣಗಿದ್ಮೇಲೆ ಗುರುತು ಅಳಿಸೋಕಾಗಲ್ಲ. ಆಮೇಲೆ ನನ್ನ ಬೈಬೇಡಿ."

ಎಲ್ಲರೂ ಬೇವಿನ ಮರದ ಕೆಳಗೆ ಸೇರಿದರು. ಹುಂಜ ಕಲ್ಲು ಹತ್ತಿ ನಿಂತಿತು. "ಈ ಮರಿ ಇಲ್ಲಿದ್ರೆ ಯಾರ ಅಂಚೂ ಉಳಿಯಲ್ಲ. ಇವತ್ತೇ ಕಲ್ಲುಬೆಟ್ಟದ ಆಚೆ ಬಿಟ್ಟುಬರೋಣ."

ಕಲ್ಲುಬೆಟ್ಟದ ಆಚೆ ಮನೆ ಇರಲಿಲ್ಲ. ಮನೆ ಇಲ್ಲ ಎಂದರೆ ಹೊಸ್ತಿಲು ಇಲ್ಲ, ಬಾರೋ ಎನ್ನುವವರು ಇಲ್ಲ. ಯಾರೂ ಬೇಡ ಎನ್ನಲಿಲ್ಲ. ಕರಿಮೂತಿಗೆ ಏನೂ ತಿಳಿಯದೆ, ಇಷ್ಟು ಜನ ಸೇರಿದ್ದಾರಲ್ಲ ಎಂಬ ಖುಷಿಗೆ ಎಲ್ಲರ ಕಾಲನ್ನೂ ನೆಕ್ಕುತ್ತಿತ್ತು.

ಸಣ್ಣೀರಜ್ಜಿ ಒಳಗೆ ಹೋದಳು. ಬೆಟ್ಟದ ಆಚೆ ಮಲಗಲು ಮರಿಗೆ ಆ ಹರಿದ ಚಾಪೆಯನ್ನಾದರೂ ಕೊಡೋಣವೆಂದು ಸುತ್ತತೊಡಗಿದಳು. ಚಾಪೆಯ ಚಿಂದಿಯೊಳಗೆ ಒಂದು ಅಕ್ಕಿ ಕಾಳು ಸಿಕ್ಕಿಕೊಂಡಿತ್ತು.

ಎತ್ತಿ ನೋಡಿದಳು. ಅಕ್ಕಿ ಕಾಳಿಗೆ ಇಷ್ಟು ಚೂಪು ತುದಿ ಇರುತ್ತದೆಯೇ?

ಓಡಿಬಂದು ಕರಿಮೂತಿಯ ಬಾಯಿ ತೆರೆದಳು. ಮುಂದೆ ಒಂದು ಕಿಂಡಿ. ವಸಡು ಕೆಂಪಗೆ ಊದಿದೆ. ಕಿಂಡಿಯ ಒಳಗಿನಿಂದ ಬೆಳ್ಳಗೆ ಇನ್ನೊಂದು ಇಣುಕುತ್ತಿದೆ. ಅಜ್ಜಿ ನಕ್ಕಳು. ನಗುತ್ತಾ ನಗುತ್ತಾ ಅಲ್ಲೇ ನೆಲಕ್ಕೆ ಕೂತಳು.

"ಇದು ತುಂಟತನ ಅಲ್ಲ ಕಣ್ರೋ! ಇದಕ್ಕೆ ಹಲ್ಲು ಬರ್ತಾ ಇದೆ! ನನ್ನ ಮಕ್ಕಳು ಹಲ್ಲು ಬರೋವಾಗ ತೊಟ್ಟಿಲಿನ ಮರಾನೂ ಬಿಡ್ಲಿಲ್ಲ. ವಸಡು ನವೆ ಆಗುತ್ತೆ, ತಡೆಯೋಕಾಗಲ್ಲ. ಏ ಹುಂಜಪ್ಪ, ಹೊಸ ಪುಕ್ಕ ಬರೋವಾಗ ನೀನು ಮೈ ಕೆರಕೊಳ್ಳಲ್ವಾ?"

ಹುಂಜ ಬೇರೆ ಕಡೆ ನೋಡಿತು.

"ಹೊಳೆಯಕ್ಕ, ಹೊಸ ನೀರು ಬಂದಾಗ ನೀನೇ ನಿನ್ನ ದಡ ಕಚ್ಚಲ್ವಾ?"

"ಅದು... ಸ್ವಲ್ಪ" ಎಂದಳು ಹೊಳೆಯಕ್ಕ.

"ಪಾಪದ್ದು ನಿಜಾನೇ ಹೇಳಿದೆ. ಇದು ಕಚ್ಚಲಿಲ್ಲ, ಇದರ ಬಾಯಿ ಕಚ್ಚಿದೆ. ಕಚ್ಚಬೇಡ ಅಂದ್ರೆ ಆಗಲ್ಲ. ಇದನ್ನ ಕಚ್ಚು ಅಂತ ಒಂದು ಕೊಡಬೇಕು. ಕೊಟ್ವಾ ನಾವು?"

ಯಾರೂ ಕೊಟ್ಟಿರಲಿಲ್ಲ.

ಸೂರ್ಯ ಸ್ವಲ್ಪ ಯೋಚಿಸಿದ. "ಸರಿ. ನಾನು ಮುಳುಗೋ ತನಕ ನೋಡೋಣ. ಅಷ್ಟರೊಳಗೆ ಇನ್ನೊಂದು ಗುರುತು ಬಿದ್ರೆ, ಮರಿ ಬೆಟ್ಟದ ಆಚೆಗೆ."

ಅಜ್ಜಿ ತನ್ನ ಹಳೆಯ ಸೀರೆಯ ತುಂಡನ್ನು ಹುರಿ ಹಾಕಿ ಗಂಟು ಕಟ್ಟಿದಳು. ಹೊಳೆಯಕ್ಕ ಅದನ್ನು ತನ್ನ ಆಳದ ತಣ್ಣೀರಿನಲ್ಲಿ ನೆನೆಸಿ ಕೊಟ್ಟಳು. ತಣ್ಣೀರು ಏಕೆಂದರೆ, ಊದಿದ ವಸಡಿಗೆ ಹಾಯೆನಿಸುತ್ತದೆ. ಬೇವಮ್ಮ ತನ್ನ ಸಿಹಿಯನ್ನು ಬಿಟ್ಟುಕೊಟ್ಟು ಕಹಿಯಾದಳು. "ನನ್ನ ಸೊಪ್ಪು ಅರೆದು, ಕಚ್ಚಬಾರದ್ದಕ್ಕೆಲ್ಲ ಬಳಿ ಸಣ್ಣೀರಮ್ಮ" ಎಂದಳು. ಹುಂಜಕ್ಕೂ ಒಂದು ಕೆಲಸ ಬಂತು. "ಗೋಡೆಯಲ್ಲಿ ಒಂದು ಗೂಡು ಮಾಡು ಅಜ್ಜಿ, ಬೆಲೆಯುಳ್ಳದ್ದನ್ನ ಮೇಲಿಡು. ಕೆಳಗಿಟ್ಟು ಮರೀನ ಬೈದ್ರೆ ಏನು ಬಂತು?" ಎಂದಿತು. ಮರಿಯ ಪರವಾಗಿ ಮಾತಾಡಿದೆನಲ್ಲ ಎಂದು ಅದಕ್ಕೇ ಆಶ್ಚರ್ಯವಾಯಿತು.

"ಮೊದಲು ಓಡೋಣ ಬಾರೋ!" ಎಂದಿತು ಗಾಳಿ. ಇಬ್ಬರೂ ಓಡಿದರು. ಹೊಲದ ಬದು, ಹೊಳೆಯ ಮರಳು, ದಿಬ್ಬದ ಮೇಲೆ, ದಿಬ್ಬದ ಕೆಳಗೆ. ಸುಯ್, ಬೌ, ಸುಯ್, ಬೌ. ಕರಿಮೂತಿ ತಿರುಗಿ ಬಂದಾಗ ಅದರ ನಾಲಗೆ ಮೊಣಕಾಲಿಗೆ ಬಂದಿತ್ತು. ಗಂಟಿನ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು, ಎರಡು ಕೈ ಎಂದರೆ ಮುಂದಿನ ಕಾಲುಗಳು, ಕಚ ಕಚ ಎಂದು ಕಚ್ಚುತ್ತಾ ಮಲಗಿತು.

ಸೂರ್ಯ ಇನ್ನೇನು ಬೆಟ್ಟಕ್ಕೆ ತಾಗಬೇಕು. ಆಗ ಕರಿಮೂತಿ ಎದ್ದಿತು.

ಹೊಸ್ತಿಲ ಹತ್ತಿರ ಸಣ್ಣೀರಜ್ಜಿಯ ಚಪ್ಪಲಿ ಇತ್ತು. ಅದು ಜಗತ್ತಿನ ಮೊದಲ ಚಪ್ಪಲಿ. ಗೂಡಿನಲ್ಲಿಡಲು ಅಜ್ಜಿ ಮರೆತಿದ್ದಳು. ಕರಿಮೂತಿ ಅದನ್ನು ಮೂಸಿತು. ಬಾಯಲ್ಲಿ ಎತ್ತಿಕೊಂಡಿತು.

ಹೊಳೆ ನಿಂತಿತು. ಬೇವು ಅಲುಗಲಿಲ್ಲ. ಹುಂಜ ಅಟ್ಟಿಸಿಕೊಂಡು ಹೋಗಲು ರೆಕ್ಕೆ ಎತ್ತಿತು.

"ಓಡಬೇಡ!" ಎಂದಳು ಅಜ್ಜಿ ಮೆಲ್ಲಗೆ. "ಅಟ್ಟಿಸ್ಕೊಂಡು ಹೋದ್ರೆ ಅದು ಆಟ ಆಗುತ್ತೆ."

ಅವಳು ನೆಲದ ಮೇಲೆ ಕೂತಳು. ಒದ್ದೆ ಗಂಟನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದಳು. "ಕರಿಮೂತೀ, ಇದು ಯಾರದು?"

ಕರಿಮೂತಿ ಚಪ್ಪಲಿಯನ್ನು ನೋಡಿತು. ಗಂಟನ್ನು ನೋಡಿತು. ಅಜ್ಜಿಯ ಮುಖ ನೋಡಿತು. ಪಟ್ ಎಂದು ಚಪ್ಪಲಿ ಬಿತ್ತು. ಗಂಟು ಬಾಯಿಗೆ ಹೋಯಿತು.

"ನನ್ನ ಬಂಗಾರ! ನನ್ನ ರಾಜ!" ಅಜ್ಜಿ ಅದರ ಕಿವಿ, ಕತ್ತು, ಹೊಟ್ಟೆ ಎಲ್ಲ ತುರಿಸಿದಳು. ಹುಂಜ ಚಪ್ಪಲಿಯನ್ನು ತಿರುಗಿಸಿ ತಿರುಗಿಸಿ ನೋಡಿತು. ಒಂದು ಗುರುತೂ ಇರಲಿಲ್ಲ. ಸೂರ್ಯ ಮುಳುಗಿದ. ಮುಳುಗುವಾಗ ನಗುತ್ತಿದ್ದ. ಸಂಜೆಯ ಆಕಾಶ ನೀವೂ ನೋಡಿದ್ದೀರಲ್ಲ.

ಕರಿಮೂತಿಗೆ ಹೆಮ್ಮೆ ತಡೆಯಲಾಗಲಿಲ್ಲ. ಗಂಟನ್ನು ಬಾಯಲ್ಲಿಟ್ಟುಕೊಂಡು ಬೇವಮ್ಮನ ಹತ್ತಿರ ಓಡಿತು, ಹುಂಜಣ್ಣನ ಹತ್ತಿರ ಓಡಿತು, ಹೊಳೆಯಕ್ಕನ ಹತ್ತಿರ ಓಡಿತು. 'ನೋಡಿ, ಇದು ನಂದು! ನೋಡಿ, ಇದು ನಂದು!' ಬಾಯಿ ತುಂಬಿದ್ದರಿಂದ ಅದು ಬಾಲದಿಂದಲೇ ಹೇಳಬೇಕಾಯಿತು. ಉದುರಿದ ಹಲ್ಲನ್ನು ಅಜ್ಜಿ ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆದಳು. ನಾವು ಮಕ್ಕಳ ಹಲ್ಲನ್ನು ಎಸೆಯುತ್ತೇವಲ್ಲ, ಹಾಗೆ. ಅಜ್ಜಿಯಿಂದಲೇ ನಾವು ಕಲಿತದ್ದು.

ಮರುದಿನ ಜಗತ್ತು ಒಣಗಿತು. ಹಳೆಯ ಗುರುತುಗಳು ಹಾಗೇ ಉಳಿದವು, ಯಾರಿಗೂ ಅವುಗಳ ಮೇಲೆ ಬೇಜಾರು ಇರಲಿಲ್ಲ. ಅದಕ್ಕೇ ಇಂದಿಗೂ ಬೇವಿನ ಎಲೆಗೆ ಗರಗಸದ ಹಾಗೆ ಅಂಚು, ರುಚಿ ಕಹಿ. ಹುಂಜದ ಜುಟ್ಟು ಕಚ್ಚು ಕಚ್ಚು, ಹೊಳೆಯ ದಾರಿ ಡೊಂಕು. ಅದಕ್ಕೇ ಇಂಚರಾ, ನೀನು ಸ್ಕೂಲಿನಿಂದ ಬಂದಾಗ ನಿನ್ನ ನಾಯಿಮರಿ ಬಾಯಲ್ಲಿ ಏನಾದರೂ ಕಚ್ಚಿಕೊಂಡೇ ಬಾಗಿಲಿಗೆ ಓಡಿಬರುತ್ತದೆ. ಅದು ಕದ್ದದ್ದಲ್ಲ, 'ನೋಡು, ಇದು ನಂದು' ಎಂದು ತೋರಿಸುವುದು.

ಆದರೆ ಅದು ತಂದದ್ದು ನಿಜವಾಗಿ ನಿನ್ನ ಕಾಲುಚೀಲವಾಗಿದ್ದರೆ ಆಗಲೂ ಓಡಬಾರದು. ಕೂರಬೇಕು. ಅಂಗೈ ಮೇಲೆ ಮಾಡಿ ಅದರ ಗಂಟನ್ನು ಚಾಚಬೇಕು. ಅಂಗೈ ಮೇಲೆ ಏಕೆಂದರೆ

ಇಂಚರ ಹೊರಗಿನಿಂದ ಕೂಗುತ್ತಿದ್ದಾಳೆ. "ಅಜ್ಜಾ! ಬೇಗ ಬಾ! ಅಮ್ಮನ ಕೈಯಲ್ಲಿ ಕಾಲೊರಸು ಇದೆ! ಕಾಲೊರಸಿನಲ್ಲಿ ಅಕ್ಕಿ ಕಾಳು ಸಿಕ್ತು! ಅಮ್ಮ ನಗ್ತಾ ಇದಾಳೆ ಅಜ್ಜಾ!"

ಬಂದೆ ಮಗಳೇ, ಬಂದೆ. ಅಕ್ಕಿ ಕಾಳು ಎಂದರೆ ಏನೆಂದು ನಿಮಗೆ ಈಗಾಗಲೇ ತಿಳಿದಿರಬಹುದು, ಆದರೂ ಬಿಡಿಸಿ ಹೇಳುತ್ತೇನೆ, ಅದು