ಬಾಗಿಲಲ್ಲಿ ಕನ್ನಡಿ ಹಿಡಿದವನು

"ಮೇಷ್ಟ್ರೇ, ನನ್ನ ಕಣ್ಣಿಗೆ ಸರಿ ಎಂದು ಕಂಡದ್ದನ್ನು ಇನ್ನೊಬ್ಬರ ಮಾತಿಗೆ ಬಿಟ್ಟುಕೊಡಬೇಕೇ?"

ಮಂಜರಿ ಜಗುಲಿ ಹತ್ತುತ್ತಲೇ ಕೇಳಿದ ಮಾತು ಇದು. ಚನ್ನವೀರಯ್ಯನವರು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ನಲವತ್ತು ವರ್ಷ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದವರು. ಈಗ ಹಿಡಿಯುವುದು ಮೊರ ಮಾತ್ರ; ಕ್ಯಾಮೆರಾ ಅವರ ಶಿಷ್ಯೆ ಮಂಜರಿಯ ಕೈಯಲ್ಲಿತ್ತು. ಅವರು ತಲೆ ಎತ್ತದೆ, "ಕೂತ್ಕೊಳ್ಳಮ್ಮ. ಮೊದಲು ನೀರು ಕುಡಿ," ಎಂದರು.

ಮಂಜರಿ ಕೂತಳು, ನೀರು ಮುಟ್ಟಲಿಲ್ಲ. ಸಂಜೆಯೊಳಗೆ ಅವಳು ನಿರ್ದೇಶಕರಿಗೆ ಉತ್ತರ ಕೊಡಬೇಕಿತ್ತು. ಒಪ್ಪಿದರೆ ಅವಳ ಜೀವಮಾನದ ಒಳ್ಳೆಯ ದೃಶ್ಯ ಕಸಕ್ಕೆ ಹೋಗುತ್ತದೆ. ಒಪ್ಪದಿದ್ದರೆ ಅವಳೇ ಆ ಸಿನಿಮಾದಿಂದ ಹೊರಗೆ. ಎರಡು ದಿನದಿಂದ ಇದೇ ಯೋಚನೆಯಲ್ಲಿ ಅವಳ ತಲೆ ಕೆಟ್ಟುಹೋಗಿತ್ತು.

ನಡೆದದ್ದನ್ನು ಅವಳು ಒಂದೇ ಉಸಿರಿಗೆ ಹೇಳಿದಳು. ಒಬ್ಬ ನೇಕಾರ ಹೆಂಗಸಿನ ಕತೆ. ಮಗಳ ಮದುವೆಗೆಂದು ತಾನೇ ನೇಯ್ದ ಸೀರೆಯನ್ನು, ಮಗಳು ತೀರಿಕೊಂಡ ಮೇಲೆ, ತಾಯಿ ಮಡಚಿ ಪೆಟ್ಟಿಗೆಯಲ್ಲಿಡುತ್ತಾಳೆ. ಮಾತಿಲ್ಲ. ತಾಯಿಯಾಗಿ ಮಾಡಿದವರು ಶಾವಂತ್ರೆವ್ವ, ನಾಟಕ ಕಂಪನಿಯಲ್ಲಿ ಕೂದಲು ನೆರೆಸಿಕೊಂಡವರು. ಕಿಟಕಿಯ ಹಿಂದಿನಿಂದ ಬೆಳಕು ಬಿಟ್ಟೆ, ಮೇಷ್ಟ್ರೇ. ಹತ್ತಿಯ ದೂಳು ಹಾರಿಸಿದೆ. ಬೆಳಕು ಸೀರೆಯ ಅಂಚಿನ ಮೇಲೆ ಮಾತ್ರ ಬೀಳುವ ಹಾಗೆ ಮಾಡಲು ಅರ್ಧ ದಿನ ಹಿಡಿಯಿತು. ಮಾನಿಟರ್‌ನಲ್ಲಿ ನೋಡಿದ ಲೈಟ್ ಹುಡುಗರು ಚಪ್ಪಾಳೆ ತಟ್ಟಿದರು. ಮೂರು ಸಲ ತೆಗೆದೆವು. ಶಾವಂತ್ರೆವ್ವ ಮಾತ್ರ ಮೂರು ಸಲವೂ, "ಯವ್ವಾ, ನನ್ನ ಕೈ ಕಾಣ್ತಾವೇನ?" ಎಂದು ಕೇಳಿ ತಲೆ ತಿಂದರು. "ಕೈ ನೆರಳಲ್ಲಿದ್ರೇ ಚೆಂದ, ಅಮ್ಮಾ," ಎಂದೆ. ಈಗ ನಿರ್ದೇಶಕರು, ಸಾದಾ ಬೆಳಕಿನಲ್ಲಿ ಮತ್ತೆ ತೆಗೆಯೋಣ ಎನ್ನುತ್ತಿದ್ದಾರೆ. ಕಾರಣ ಕೇಳಿದರೆ, ಏನೋ ಸಿಗ್ತಿಲ್ಲ ಎನ್ನುತ್ತಾರೆ. ಏನು ಅಂತ ಅವರಿಗೂ ಗೊತ್ತಿಲ್ಲ!

"ಹತ್ತು ವರ್ಷದ ಹಿಂದೆ ನೀವೇ ಹೇಳಿದ್ರಿ, ನಿನ್ನ ಕಣ್ಣನ್ನು ನಂಬು ಅಂತ," ಎಂದಳು ಮಂಜರಿ. "ನಂಬಿದ್ದು ತಪ್ಪಾ?"

ಮೇಷ್ಟ್ರು ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. "ಒಂದು ಕತೆ ಕೇಳ್ತೀಯಾ?" ಎಂದರು. ಅವಳಿಗೆ ಬೇಕಾಗಿದ್ದದ್ದು ಉತ್ತರ, ಕತೆಯಲ್ಲ. ಆದರೂ ತಲೆ ಆಡಿಸಿದಳು.

ಒಂದು ಊರಿನಲ್ಲಿ ಬೆಟ್ಟ ಕೊರೆದು ಗುಡಿ ಮಾಡುತ್ತಿದ್ದರು. ಒಳಗೆ ಒಬ್ಬ ಶಿಲ್ಪಿ ಹಿಂದಿನ ಗೋಡೆಯ ಕಲ್ಲಿನಲ್ಲೇ ದೇವಿಯ ಮುಖ ಕೆತ್ತುತ್ತಿದ್ದ. ದೀಪ ಹಚ್ಚಿದರೆ ಹೊಗೆ ಕಟ್ಟಿ ಕಲ್ಲು ಕಪ್ಪಾಗುತ್ತದೆ. ಆದ್ದರಿಂದ ಬಾಗಿಲಲ್ಲಿ ಒಬ್ಬ ಕಂಚಿನ ಕನ್ನಡಿ ಹಿಡಿದು ನಿಲ್ಲುತ್ತಿದ್ದ. ಹೊರಗಿನ ಬಿಸಿಲು ಕನ್ನಡಿಗೆ ತಾಗಿ ಒಳಗಿನ ಕಲ್ಲಿಗೆ ಹೋಗುತ್ತಿತ್ತು. ಶಿಲ್ಪಿ ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಕೆಲಸ ಅಷ್ಟೇ.

ಕನ್ನಡಿಯವನು ದಡ್ಡನಲ್ಲ. ನಿಂತು ನಿಂತು ಅವನ ಕಣ್ಣು ಪಳಗಿತು. ಬಾಗಿಲಿನ ಎಡ ಮಗ್ಗುಲಲ್ಲಿ ಕೂತು, ಕನ್ನಡಿಯನ್ನು ತುಸು ಓರೆ ಮಾಡಿದರೆ, ಅರ್ಧ ಕೆತ್ತಿದ ಕೆನ್ನೆಗೂ ಜೀವ ಬರುತ್ತಿತ್ತು. ಒಂದು ದಿನ ಹಾಗೆ ಬೆಳಕು ಬಿಟ್ಟ. ಕಲ್ಲು ಹೊರುವವರು ಹೊರೆ ಇಳಿಸಿ ನೋಡಿದರು. ಮಾರನೆಯ ದಿನ ಪಕ್ಕದ ಊರಿನವರೂ ಬಂದರು. "ಎಂಥಾ ಬೆಳಕಪ್ಪಾ!" ಎಂದರು. ಮುಖದ ಬಗ್ಗೆಯೂ ಒಂದಿಬ್ಬರು ಹೇಳಿರಬೇಕು. ಕನ್ನಡಿಯವನ ಕಿವಿಗೆ ಅದು ಬೀಳಲಿಲ್ಲ. ಹೊಗಳಿಕೆ ಯಾರಿಗೆ ಬೇಡ? ಅವನು ಆ ಮಗ್ಗುಲು ಬಿಟ್ಟು ಕದಲಲಿಲ್ಲ.

ಕೆಲವು ದಿನ ಕಳೆದವು. ಶಿಲ್ಪಿ ಒಳಗಿನಿಂದ ಕೂಗಿದ. "ಬಲ ಮಗ್ಗುಲಿಗೆ ಹೋಗಿ ನಿಲ್ಲಪ್ಪ. ಬಲಗೆನ್ನೆಯಲ್ಲಿ ಏನಿದೆ ನೋಡಬೇಕು."

"ಇದಕ್ಕಿಂತ ಚೆಂದ ಬೇಕೇ? ಮುಖ ಮುಗಿದಿದೆ, ನೀನೇ ದೂರ ನಿಂತು ನೋಡು," ಎಂದ ಕನ್ನಡಿಯವನು.

ಶಿಲ್ಪಿ ಬಲಗೆನ್ನೆಯ ಮೇಲೆ ಕೈಯಾಡಿಸಿದ. ಒರಟು ತಗುಲಿತು. ಹಿಂದೆ ಸರಿದು ನೋಡಿದ. ಮುಖ ತುಂಬಿ ನಿಂತಿತ್ತು. ಅವನಿಗೆ ಗೊಂದಲವಾಯಿತು. ಕೈ ಒಂದು ಹೇಳುತ್ತದೆ, ಕಣ್ಣು ಒಂದು ಹೇಳುತ್ತದೆ, ಸುತ್ತ ನಿಂತವರೆಲ್ಲ ಕಣ್ಣಿನ ಕಡೆ. ಕೊನೆಗೆ ಅವನೂ ಕಣ್ಣನ್ನೇ ನಂಬಿ ಉಳಿ ಕೆಳಗಿಟ್ಟ.

ಪೂಜೆಯ ದಿನ ಬಂತು. ಅರ್ಚಕರು ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿದರು. ಆರತಿಯ ಬೆಳಕು ಒಂದು ಕಡೆ ನಿಲ್ಲುವುದಿಲ್ಲವಲ್ಲ. ಅದು ಎಡದಿಂದ ಹೊರಟು, ಗಲ್ಲದ ಕೆಳಗೆ ಹಾದು, ಬಲಕ್ಕೆ ಬಂತು. ಬಲಗಡೆ ಬರೀ ಕಲ್ಲಿತ್ತು. ಉಳಿಯ ಗೀರು ಹಾಗೇ ಇದ್ದವು. ಆ ಕಡೆಯ ಕಣ್ಣು ತೆರೆದೇ ಇರಲಿಲ್ಲ. ಅರ್ಚಕರ ಕೈ ನಿಂತುಹೋಯಿತು. ಕೈ ಮುಗಿಯಲು ಬಂದವರು ಮುಗಿಯಬೇಕೋ ಬಿಡಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು.

ಕನ್ನಡಿಯವನು ಶಿಲ್ಪಿಯ ತೋಳು ಹಿಡಿದು, "ಆ ಕಡೆ ನೀನು ಕೆತ್ತಲೇ ಇಲ್ಲವಲ್ಲ!" ಎಂದ.

"ಆ ಕಡೆ ನೀನು ತೋರಿಸಲೇ ಇಲ್ಲ," ಎಂದ ಶಿಲ್ಪಿ.

ಮೇಷ್ಟ್ರು ಕತೆ ನಿಲ್ಲಿಸಿ ಮತ್ತೆ ಅಕ್ಕಿಯೊಳಗೆ ಬೆರಳಾಡಿಸಿದರು. ಮಂಜರಿ ಕಾದಳು.

ಬಂದಾಗ ಅವಳ ತಲೆಯಲ್ಲಿ ಒಂದು ಪ್ರಶ್ನೆ ಇತ್ತು, ಈಗ ನಾಲ್ಕಾದವು. ಕನ್ನಡಿಯವನು ಕೆಟ್ಟವನೇ? ಅವನು ಬಿಟ್ಟ ಬೆಳಕು ನಿಜವಾದ ಬೆಳಕೇ ತಾನೆ, ಅಲ್ಲೇನು ಮೋಸವಿತ್ತು? ಶಿಲ್ಪಿ ತನ್ನ ಕಣ್ಣನ್ನು ನಂಬಿ ಕೆಟ್ಟ. ಹಾಗಾದರೆ ಹತ್ತು ವರ್ಷದ ಹಿಂದೆ ಮೇಷ್ಟ್ರು ಹೇಳಿಕೊಟ್ಟ ಮಾತಿನ ಗತಿ ಏನು? ಆ ಒಂದು ಮಾತು ಹಿಡಿದುಕೊಂಡೇ ಅವಳು ನಾಲ್ಕು ಸಿನಿಮಾ ಮಾಡಿದ್ದಳು. ಅವಳ ಹೆಸರು ಬಂದರೆ ಜನ ಮೊದಲು ಅವಳ ಬೆಳಕಿನ ಮಾತೆತ್ತುತ್ತಿದ್ದರು. ಅದೆಲ್ಲ ಎಡ ಮಗ್ಗುಲೇ? ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಹೆದರಿಕೆಯೂ ಬಂತು.

"ನಂಗೆ ಅರ್ಥ ಆಗ್ಲಿಲ್ಲ ಮೇಷ್ಟ್ರೇ. ಕನ್ನಡಿಯವನು ನಾನು, ಸರಿ. ಶಿಲ್ಪಿ ಯಾರು, ನಿರ್ದೇಶಕರಾ? ಅವರು ಹೇಳಿದ ಕಡೆಗೆಲ್ಲ ಬೆಳಕು ತಿರುಗಿಸ್ತಾ ಕೂತ್ರೆ ನಾನ್ಯಾಕೆ ಬೇಕು? ಒಂದು ಕೋಲಿಗೆ ಕನ್ನಡಿ ಕಟ್ಟಿದ್ರೂ ಆಗ್ತಿತ್ತಲ್ಲ!"

"ಅದೂ ನಿಜವೇ," ಎಂದರು ಮೇಷ್ಟ್ರು.

"ಹಾಗಾದ್ರೆ ಕಣ್ಣನ್ನ ನಂಬಬಾರ್ದಾ?"

"ನಂಬದೆ ಹೇಗಮ್ಮ? ನಮಗೆ ಇರೋದೇ ಅದೊಂದು."

ಮಂಜರಿ ಹಣೆ ಹಿಡಿದುಕೊಂಡಳು. ಇವರು ಬೇಕೆಂದೇ ಆಟ ಆಡಿಸುತ್ತಿದ್ದಾರೆಯೇ, ವಯಸ್ಸಾಗಿ ಮಾತು ಜಾರುತ್ತಿದೆಯೇ ಎಂದು ಒಂದು ಕ್ಷಣ ಅನುಮಾನವೂ ಬಂತು. ಮೇಷ್ಟ್ರು ಮೊರವನ್ನು ಬಿಸಿಲಿಗೆ ಒಡ್ಡಿ ನೋಡಿದರು. ಅಕ್ಕಿ ಹಸನಾಗಿ ಕಂಡಿತು. ಆಮೇಲೆ ಮೊರವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿದರು. ಎರಡು ಕಲ್ಲು ಸಿಕ್ಕವು. ಎಸೆದರು.

"ಸಂಜೆ ಏನು ಹೇಳಲಿ, ಅದಾದ್ರೂ ಹೇಳಿ," ಎಂದಳು ಅವಳು, ಹೆಚ್ಚುಕಡಿಮೆ ಅಳುತ್ತ. "ಆ ಕಿಟಕಿ, ಆ ದೂಳು, ಅಂಚಿನ ಮೇಲೆ ಆ ಒಂದು ಗೆರೆ ಬೆಳಕು... ಕಣ್ಣು ಮುಚ್ಚಿದ್ರೂ ನಂಗೆ ಹಾಗೇ ಕಾಣ್ತದೆ. ಒಂದೊಂದು ಚೂರೂ ನೆನಪಿದೆ."

ಮೇಷ್ಟ್ರು ಮೊರ ಕೆಳಗಿಟ್ಟು, ಅವಳು ಬಂದಾಗಿನಿಂದ ಮೊದಲ ಸಲ, ಅವಳ ಮುಖ ನೋಡಿದರು.

"ಶಾವಂತ್ರೆವ್ವ ಮೂರು ಸಲ ಸೀರೆ ಮಡಚಿದಳಲ್ಲ, ಆಗ ಆಕೆಯ ಕೈ ಏನು ಮಾಡುತ್ತಿತ್ತು?"

ಮಂಜರಿ ಕಣ್ಣು ಮುಚ್ಚಿ ನೋಡಿದಳು. ಅಂಚಿನ ಮೇಲಿನ ಬೆಳಕು ಹಾಗೇ ಇತ್ತು, ಕೈ ಇದ್ದ ಕಡೆ ಬರೀ ನೆರಳಿತ್ತು.