ಎಣ್ಣೆ ಹಚ್ಚಿದ ಬಿರಡೆ

ಭಟ್ಕಳದ ಹಳೇ ಸಾಮಾನಿನ ಅಂಗಡಿಯಲ್ಲಿ ಅರಬ್ ನಾಡಿನ ತಂತಿವಾದ್ಯ ಊದ್ ಎರಡಿದ್ದವು. ಹೊಸದಾಗಿ ಕಲಿಯಹೊರಟ ನುಸೈಬಾ ಮೊದಲನೆಯದರ ತಂತಿ ಬಿಗಿಯುವ ಬಿರಡೆಯನ್ನು ತಿರುಗಿಸಿದಳು. ಅದು ಕಿರ್ರೆಂದು ಗೊಣಗಿತು: "ಬಲ ಹಾಕು ತಾಯಿ. ನಾನು ಸುಲಭಕ್ಕೆ ಜಗ್ಗುವವನಲ್ಲ."

ಎರಡನೆಯದರ ಬಿರಡೆಗೆ ಅಂಗಡಿಯವನು ಎಣ್ಣೆ ಹಚ್ಚಿದ್ದ. ಅದು ನಯವಾಗಿ ತಿರುಗಿ, "ತಾವು ಹೇಳಿದಂತೆ ಕೇಳುತ್ತೇನೆ" ಎಂದಿತು. ನುಸೈಬಾ ಅದನ್ನೇ ಕೊಂಡಳು.

ಮನೆಯಲ್ಲಿ ತಂತಿ ಬಿಗಿದು, ಶ್ರುತಿ ಕೂಡಿಸಿ ಕೈ ಬಿಟ್ಟಳು. ಬಿರಡೆ ಮೆಲ್ಲಗೆ ಹಿಂದಕ್ಕೆ ಜಾರಿತು; ಶ್ರುತಿ ಇಳಿಯಿತು. ಮತ್ತೆ ಬಿಗಿದಳು, ಮತ್ತೆ ಜಾರಿತು.

"ಹೇಳಿದಂತೆ ಕೇಳುತ್ತೇನೆ ಅಂದಿದ್ದೆಯಲ್ಲ?"

"ಕೇಳಿದೆನಲ್ಲ" ಎಂದಿತು ಬಿರಡೆ, ಅದೇ ವಿನಯದಿಂದ. "ತಾವು ಕೈ ಬಿಟ್ಟ ಮೇಲೆ ತಂತಿ ಎಳೆಯಿತು. ಅದು ಹೇಳಿದ್ದನ್ನೂ ಕೇಳಿದೆ."